ಮೂರು ತಿಂಗಳ ಪಥ್ಯ

"ಸಾರ್, ಧರ್ಮಾವರಂ ಕಾಲ್ ಬುಕ್ ಮಾಡಿ ಒಂದು ಗಂಟೆ ಆಯ್ತು. ಏಮಿ ಸಾರ್, ಮಲ್ಕೊಂಡಿದೀರಾ?"

ಹೆಡ್‌ಫೋನಿನಲ್ಲಿ ಕೇಳಿದ ರೇಷ್ಮೆ ವ್ಯಾಪಾರಿಯ ಮಾತಿಗೆ ಅನಸೂಯಮ್ಮ ಕಾಲ್ ಜೋಡಿಸುವ ಬೋರ್ಡಿನಿಂದ ಕೈ ತೆಗೆದಳು. ಶಿಡ್ಲಘಟ್ಟದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹನ್ನೊಂದು ವರ್ಷದಿಂದ ಕೂತು ನಂಬರ್ ಕೇಳುತ್ತಿದ್ದವಳನ್ನು ಇದುವರೆಗೆ ಯಾರೂ ಸಾರ್ ಎಂದಿರಲಿಲ್ಲ. "ಲೈನ್ ಸಿಗ್ತಾ ಇಲ್ಲ, ತಡೀರಿ" ಎಂದಳು. ಗುಡಾಣದೊಳಗೆ ಬಾಯಿಟ್ಟು ಆಡಿದಂತೆ ಕೇಳಿಸಿತು ತನ್ನದೇ ಧ್ವನಿ. "ಆಯ್ತು ಸಾರ್" ಎಂದು ಅವನು ಫೋನ್ ಇಟ್ಟ. ಪಕ್ಕದ ಬೋರ್ಡಿನ ಶ್ಯಾಮಲಮ್ಮ ಕಿಸಕ್ಕನೆ ನಕ್ಕವಳು, ಗೆಳತಿಯ ಮುಖ ನೋಡಿ ತನ್ನ ಬೋರ್ಡಿಗೆ ತಿರುಗಿದಳು.

೧೯೮೭ರ ಏಪ್ರಿಲ್. ಹೊರಗೆ ಡಾಂಬರು ಕರಗುವಂಥ ಬಿಸಿಲು. ಅನಸೂಯಮ್ಮ ಮಾತ್ರ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ನಾಲ್ಕೈದು ತಿಂಗಳಿಂದ ಹೀಗೇ. ಮೈಯೊಳಗೆ ಚಳಿ, ಕಣ್ಣಲ್ಲಿ ನಿದ್ದೆ. ಮುಖ ಊದಿಕೊಂಡಿತ್ತು, ಬಳೆಗಳು ಬಿಗಿಯಾಗಿದ್ದವು, ಬಾಚಣಿಗೆಗೆ ದಿನವೂ ಒಂದು ಹಿಡಿ ಕೂದಲು ಬರುತ್ತಿತ್ತು. ಬೆಳಿಗ್ಗೆ ಎದ್ದರೆ ಮಂಚದಿಂದ ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣ. ಮೊದಮೊದಲು ಎಲ್ಲರೂ ಸೋಮಾರಿತನ ಎಂದರು. ಮೂವತ್ತನಾಲ್ಕಕ್ಕೇ ಇಷ್ಟೊಂದು ಸೋಮಾರಿತನವೇ ಎಂದು ಅವಳೂ ತನ್ನನ್ನು ಬೈದುಕೊಂಡಳು.

ಸೂಪರ್‌ವೈಸರ್ ವೆಂಕಟರವಣಪ್ಪ ಕೆಟ್ಟ ಮನುಷ್ಯನಲ್ಲ. ಅದಕ್ಕೇ ಅವರ ಮಾತು ಹೆಚ್ಚು ಹೆದರಿಸಿತು. "ಕಂಪ್ಲೇಂಟ್ ಬರ್ತಾ ಅವೆ ಅನಸೂಯಮ್ಮ. ಹೋದ ವಾರ ಮೂರು ರಾಂಗ್ ಕನೆಕ್ಷನ್. ನಿಮ್ಮ ಕೈಯಲ್ಲಿ ಆಗ್ಲಿಲ್ಲ ಅಂದ್ರೆ ಬೋರ್ಡ್ ಬಿಡಿಸಿ ಗೌರಿಬಿದನೂರಿಗೆ ರೆಕಾರ್ಡ್ ಕೆಲಸಕ್ಕೆ ಹಾಕ್ಬೇಕಾಗುತ್ತೆ. ನನಗೂ ಮೇಲಿನೋರು ಕೇಳ್ತಾರಮ್ಮಾ."

ಬೋರ್ಡ್ ಬಿಡುವುದೆಂದರೆ ಅವಳಿಗೆ ಬರೀ ಕೆಲಸ ಬದಲಾದಂತಲ್ಲ. ಅವಳ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ಅವಳು. ಅವಳ ಅಪ್ಪ ಮುನಿಶಾಮಿಯನ್ನು ಜಗಲಿಯಿಂದಾಚೆಗೇ ನಿಲ್ಲಿಸಿ ಮಾತಾಡಿಸುತ್ತಿದ್ದ ಮನೆಗಳ ನಡುಮನೆಯೊಳಗೆ ಅವಳ ಧ್ವನಿ ದಿನಕ್ಕೆ ಹತ್ತು ಸಲ ಹೋಗುತ್ತಿತ್ತು. "ನಿಮ್ಮ ವಾಯ್ಸ್ ಕೇಳಿದ್ರೆ ಕಾಲ್ ಸಿಕ್ಕಂಗೇ ಕಣಮ್ಮ" ಎಂದು ವ್ಯಾಪಾರಿಗಳು ಹೇಳುತ್ತಿದ್ದ ಕಾಲವೊಂದಿತ್ತು.

ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿ, ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ಹತ್ತು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಹೋದಾಗ ಕಾಗದ ತಿರುಗಿಸಿ ತೋರಿಸಿದರು. "ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸ್ತಾ ಇದೆ. ಅದನ್ನ ಎಬ್ಬಿಸೋ ಹಾರ್ಮೋನು ರಕ್ತದಲ್ಲಿ ಐದರ ಒಳಗೆ ಇರ್ಬೇಕಾದ್ದು ಎಂಬತ್ತರ ಮೇಲಿದೆ. ಮಾತ್ರೆ ಬರೀತೀನಿ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು."

"ಎಷ್ಟು ದಿನ ಡಾಕ್ಟ್ರೇ?" ಗಂಡ ಚೆನ್ನರಾಯಪ್ಪ ಕೇಳಿದ.

"ದಿನ ಅಲ್ಲ. ಜೀವನ ಪೂರ್ತಿ."

ಬಸ್ಸಿನಲ್ಲಿ ಬರುವಾಗ ಚೆನ್ನರಾಯಪ್ಪ ಮಾತ್ರೆಯ ಚೀಟಿಯನ್ನು ಮಡಿಸಿ ಜೇಬಿಗೆ ತುರುಕಿಕೊಂಡ. ಅವನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ಎಂಟು ವರ್ಷ ತನ್ನ ತಂದೆಗೆ ಹೊತ್ತಿಗೆ ಐದರಂತೆ ಮಾತ್ರೆ ನುಂಗಿಸಿ, ಕೊನೆಗೆ ಆ ಡಬ್ಬಿಗಳನ್ನೆಲ್ಲ ತಂದೆಯ ಹಾಸಿಗೆಯ ಜೊತೆಗೇ ಸುಟ್ಟು ಬಂದವನು. ಆಮೇಲೆ ಒಂದು ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿ, ವರ್ಷಗಳಿಂದ ಕಾಡುತ್ತಿದ್ದ ಎದೆಯುರಿಯನ್ನು ಬರೀ ಊಟದಿಂದ ವಾಸಿ ಮಾಡಿಕೊಂಡಿದ್ದ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದ: "ಮೂರು ತಿಂಗಳು ನನಗೆ ಬಿಡು ಅನಸೂಯಾ. ಮೂರೇ ತಿಂಗಳು. ಆಗ್ಲಿಲ್ಲ ಅಂದ್ರೆ ಆಮೇಲೆ ನೋಡಣ."

ಅವಳಿಗೂ ಭಯವಿತ್ತು. ಜೀವನ ಪೂರ್ತಿ ಎಂಬ ಮಾತು ಕಿವಿ ಬಿಟ್ಟು ಹೋಗಿರಲಿಲ್ಲ. ಹೂಂ ಅಂದಳು.

ಮರುದಿನದಿಂದಲೇ ಪಥ್ಯ ಶುರುವಾಯಿತು. ಥೈರಾಯ್ಡಿಗೆ ಆಗದೆಂದು ಎಲೆಕೋಸು, ಹೂಕೋಸು, ನವಿಲುಕೋಸು ಮನೆಯ ಹೊಸ್ತಿಲು ದಾಟುವಂತಿಲ್ಲ. ಕಡ್ಲೆಕಾಯಿ ಇಲ್ಲ, ಮೈದಾ ಇಲ್ಲ, ಕಾಫಿ ಇಲ್ಲ. ಕಲ್ಲುಪ್ಪು ಹೋಗಿ ಅಯೋಡಿನ್ ಇರುವ ಪ್ಯಾಕೆಟ್ ಉಪ್ಪು ಬಂತು. ಬೆಳಗಿನ ಐದು ಗಂಟೆಗೆ ಅವನೇ ಎಬ್ಬಿಸಿ, ಅವಳ ಹೆಗಲಿಗೆ ಶಾಲು ಹೊದಿಸಿ, ಹಿಪ್ಪುನೇರಳೆ ತೋಟಗಳ ಮಧ್ಯೆ ಕೆರೆ ಏರಿಯವರೆಗೆ ನಡೆಸುತ್ತಿದ್ದ. ಬಂದು ರಾಗಿ ಗಂಜಿ ಕಾಯಿಸುತ್ತಿದ್ದ, ಮೊಳಕೆ ಹುರುಳಿಯ ಬಸ್ಸಾರು ಮಾಡುತ್ತಿದ್ದ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಲೆಯ ಮುಂದೆ ಕೂರದ ಗಂಡಸು ಹೀಗೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವುದನ್ನು ನೋಡಿ ಅನಸೂಯಮ್ಮನಿಗೆ ಅಳು ಬರುತ್ತಿತ್ತು. ಭಾನುವಾರ ಅಕ್ಕಿ ಗಿರಣಿಯ ತಕ್ಕಡಿಯಲ್ಲಿ ಅವಳನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ.

ಒಂದು ತಿಂಗಳಿಗೆ ಎರಡು ಕಿಲೋ ಇಳಿಯಿತು. ವಾರಗಟ್ಟಲೆ ಕಟ್ಟಿಕೊಂಡಿರುತ್ತಿದ್ದ ಹೊಟ್ಟೆ ಸಲೀಸಾಯಿತು. ಅವನ ಮುಖ ಅರಳಿತು. "ನೋಡ್ದಾ? ದೇಹಕ್ಕೆ ಗೊತ್ತು ಕಣೇ, ನಾವು ದಾರಿ ಬಿಡ್ಬೇಕು ಅಷ್ಟೆ."

ಚಳಿ ಮಾತ್ರ ಬಿಡಲಿಲ್ಲ. ಧ್ವನಿ ಇನ್ನೂ ದಪ್ಪಗಾಯಿತು. ಬೋರ್ಡಿನ ಮುಂದೆ ಕೂತಾಗ ನಂಬರು ಕಿವಿಗೆ ಬಿದ್ದು ಕೈಗೆ ಬರುವಷ್ಟರಲ್ಲಿ ಎಲ್ಲೋ ಜಾರಿ ಹೋಗುತ್ತಿತ್ತು. ಅದಕ್ಕೆ ಅವಳು ಪ್ರತಿ ನಂಬರನ್ನೂ ಎಡಗೈ ಮೇಲೆ ಬರೆದುಕೊಳ್ಳತೊಡಗಿದಳು. ಮನೆ ಸೇರುವ ಮೊದಲು ಕೊಳಾಯಿಯಲ್ಲಿ ಉಜ್ಜಿ ತೊಳೆಯುವಳು. ಹೇಗಿದೀಯಾ ಎಂದು ಅವನು ಕೇಳಿದಾಗಲೆಲ್ಲ ಪರವಾಗಿಲ್ಲ ಎನ್ನುವಳು. ಹಾಗೆಂದಾಗ ಅವನ ಮುಖದಲ್ಲಿ ಕಾಣುವ ಸಂತೋಷವನ್ನು ಕೆಡಿಸುವುದು ಹೇಗೆಂದು ಅವಳಿಗೆ ತಿಳಿಯದು.

ಜುಲೈ ಕೊನೆಯ ಒಂದು ಮಧ್ಯಾಹ್ನ ಶ್ಯಾಮಲಮ್ಮ ಊಟಕ್ಕೆ ಹೋಗಿದ್ದಳು. ಪೇಟೆಯ ಎರ್ರಪ್ಪನವರ ಮನೆಯಿಂದ ಕಾಲ್ ಬಂತು. ಅವರ ಮಗನ ಧ್ವನಿ ನಡುಗುತ್ತಿತ್ತು. "ಹಲೋ, ಅಪ್ಪಂಗೆ ಎದೆನೋವು. ಚಿಕ್ಕಬಳ್ಳಾಪುರದ ಡಾಕ್ಟ್ರ ಮನೆ ಕೊಡಿ, ಬೇಗ." ಕೊಡ್ತೀನಿ, ಲೈನಲ್ಲಿರಿ, ಎಂದು ಅವಳು ಬೋರ್ಡಿಗೆ ಚುಚ್ಚುವ ವೈರಿನ ಕಾರ್ಡ್ ಎತ್ತಿಕೊಂಡಳು.

ಆಮೇಲೆ ಗೊತ್ತಾದದ್ದು ಶ್ಯಾಮಲಮ್ಮ ಭುಜ ಹಿಡಿದು ಅಲುಗಿಸಿದಾಗ. "ಅನಸೂಯಾ! ಅನಸೂಯಾ! ಏನೇ ಇದು, ಕಾರ್ಡ್ ಕೈಯಲ್ಲೇ ಹಿಡ್ಕೊಂಡು!" ಬೋರ್ಡಿನ ಮೇಲೆ ಏಳೆಂಟು ದೀಪಗಳು ಒಟ್ಟಿಗೇ ಹತ್ತಿದ್ದವು. ಹೆಡ್‌ಫೋನಿನಲ್ಲಿ ಬರೀ ಗೊರಗೊರ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಅವಳು ನಿದ್ದೆ ಮಾಡಿರಲಿಲ್ಲ, ಎಚ್ಚರವಾಗಿಯೂ ಇರಲಿಲ್ಲ.

ಎರ್ರಪ್ಪ ಉಳಿದರು. ಕಾದು ಕಾದು ಮಗನೇ ಪಕ್ಕದವರ ವ್ಯಾನಿನಲ್ಲಿ ಹಾಕಿಕೊಂಡು ಹೋಗಿದ್ದ. ಎರಡು ದಿನ ಬಿಟ್ಟು ಅವನು ಫೋನ್ ಮಾಡಿ, ಆವತ್ತು ಬೋರ್ಡಲ್ಲಿ ಯಾರಿದ್ದರೆಂದು ಕೇಳಿದ. ಶ್ಯಾಮಲಮ್ಮ ತಡವರಿಸದೆ ಹೇಳಿದಳು: "ಲೈನ್ ಕೆಟ್ಟೋಗಿತ್ತು ಸ್ವಾಮಿ." ಪಕ್ಕದಲ್ಲೇ ಕೂತಿದ್ದ ಅನಸೂಯಮ್ಮನ ಅಂಗೈ ಬೆವರಿತು. ಎಷ್ಟೋ ತಿಂಗಳ ಮೇಲೆ ಅವಳ ಮೈ ಬೆವರಿದ್ದು ಆವತ್ತೇ.

ಮರುದಿನ ರಜೆ ಹಾಕಿ, ಗಂಡನಿಗೆ ಹೇಳದೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಡಾಕ್ಟರು ಬೈಯಲಿಲ್ಲ. ಪಥ್ಯದ ವಿವರವನ್ನೆಲ್ಲ ಕೇಳಿ, "ಊಟ ಒಳ್ಳೇದೇ ಇದೆ. ನಡಿಗೆ ಬಿಡ್ಬೇಡಿ. ಕೋಸು ಬೇಯಿಸಿ ಹಿತವಾಗಿ ತಿಂದ್ರೆ ಏನೂ ಆಗಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟರು. "ಆದ್ರೆ ನಿಮ್ಮ ಗ್ರಂಥಿ ಮಾಡ್ಬೇಕಾದ್ದನ್ನ ಯಾವ ಸೊಪ್ಪೂ ಮಾಡಲ್ಲಮ್ಮ. ಹೀಗೇ ಬಿಟ್ರೆ ಒಂದಿನ ಏಳೋದೇ ಇಲ್ಲ ನೀವು."

ಔಷಧಿಯಂಗಡಿಯಲ್ಲಿ ನೂರು ಮಾತ್ರೆಯ ಸೀಸೆ ಕೊಂಡಳು. ದಾರಿಯುದ್ದಕ್ಕೂ ಗಂಡನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಳು. ಮನೆಯಲ್ಲಿ ಚೆನ್ನರಾಯಪ್ಪ ನಂದಿಯವರೆಗೂ ಸೈಕಲ್ ತುಳಿದು ತಂದಿದ್ದ ತರಕಾರಿಯನ್ನು ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದ. ಬಿಸಿಲಿಗೆ ಅವನ ಮುಖ ಕಪ್ಪಿಟ್ಟಿತ್ತು. "ಔಷಧಿ ಹೊಡೀದೆ ಬೆಳೆದಿರೋದು. ಒಬ್ಬ ರೈತ ಸಿಕ್ಕಿದಾನೆ, ಇನ್ಮೇಲೆ ವಾರಕ್ಕೊಂದ್ಸಲ ಹೋಗ್ತೀನಿ" ಎಂದ. ಅವಳು ಬ್ಯಾಗನ್ನು ಬೆನ್ನ ಹಿಂದೆ ಸರಿಸಿಕೊಂಡಳು.

ಮರುದಿನದಿಂದ ಸೀಸೆ ಎಕ್ಸ್‌ಚೇಂಜಿನ ಡ್ರಾಯರಿನಲ್ಲಿ ಉಳಿಯಿತು. ಗಂಜಿಯನ್ನು ಆಫೀಸಿನಲ್ಲೇ ಕುಡೀತೀನಿ ಎಂದು ಡಬ್ಬಿಗೆ ಹಾಕಿಸಿಕೊಂಡು, ಏಳು ಗಂಟೆಯ ಡ್ಯೂಟಿಗೆ ಬಂದ ಕೂಡಲೇ ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಗಂಜಿ ಕುಡಿಯುವಳು. ಮೂರನೇ ವಾರಕ್ಕೆ ಸ್ವೆಟರ್ ಭಾರವೆನಿಸಿತು. ಆರನೇ ವಾರ ಒಬ್ಬ ವ್ಯಾಪಾರಿ, "ಏನಮ್ಮಾ, ರಜಾ ಮೇಲೆ ಹೋಗಿದ್ರಾ ಇಷ್ಟು ದಿನ? ನಿಮ್ಮ ಜಾಗದಲ್ಲಿ ಒಬ್ರು ಗಂಡಸರಿದ್ರು" ಎಂದ. ಅನಸೂಯಮ್ಮ ಹೌದೆಂದಳು. ಗೌರಿಬಿದನೂರಿನ ಮಾತನ್ನು ವೆಂಕಟರವಣಪ್ಪ ಮತ್ತೆ ಎತ್ತಲಿಲ್ಲ.

ಚೆನ್ನರಾಯಪ್ಪನ ಸಂತೋಷಕ್ಕೆ ಮಿತಿಯಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನೋಟ್‌ಬುಕ್ ತೆರೆದು ಎಲ್ಲರಿಗೂ ತೋರಿಸಿದ. ಅವನು ಹೇಳಿದಷ್ಟೂ ಇವಳಿಗೆ ಒಳಗೊಳಗೇ ಹಿಂಸೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಎರಡು ತಿಂಗಳಾಯಿತು.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಚೆನ್ನರಾಯಪ್ಪನ ತಂಗಿ ಆಂಜಿನಮ್ಮ ಚಿಂತಾಮಣಿಯಿಂದ ಬಂದಿಳಿದಳು. ಐದು ತಿಂಗಳ ಬಸುರಿ. ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ. ಬರುವುದಾಗಿ ಅವಳು ಮೊದಲೇ ತಿಳಿಸಿರಲಿಲ್ಲ. ಕಾಲು ತೊಳೆದು ಒಳಗೆ ಬಂದವಳು ಅತ್ತಿಗೆಯ ಕೈ ಹಿಡಿದು ದಿಟ್ಟಿಸಿದಳು. "ಎಷ್ಟು ಚೆನ್ನಾಗಾಗಿದೀಯ ಅತ್ಗೆ! ಅಣ್ಣ ಕಾಗದ ಬರೆದಿದ್ದ. ನನಗೂ ನಿಂದೇ ಕಾಯಿಲೆ ಅಂದ್ರು ಅಲ್ಲಿ ಡಾಕ್ಟ್ರು, ಮಾತ್ರೆ ಕೊಟ್ಟವ್ರೆ. ಅದನ್ನ ಬಿಟ್ಟು ಬಾ, ಪಥ್ಯದಲ್ಲೇ ವಾಸಿ ಮಾಡ್ತೀನಿ, ಅನಸೂಯಂಗೆ ಮಾಡಿಲ್ವಾ ಅಂತ ಅಣ್ಣ ಬರೆದಿದ್ದ. ನಾಲ್ಕು ದಿನ ಆಯ್ತು ಬಿಟ್ಟು."

ಅನಸೂಯಮ್ಮ ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋದಳು. ಊಟಕ್ಕೆ ಬಡಿಸಿದಳು. ಅಣ್ಣ ತಂಗಿ ನಗುತ್ತಾ ಬೆಳಗಿನ ನಡಿಗೆಯ ಮಾತಾಡುತ್ತಿದ್ದರು. ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ.

ಐದು ಗಂಟೆಗೆ ಚೆನ್ನರಾಯಪ್ಪ ಮಫ್ಲರ್ ಸುತ್ತಿಕೊಂಡು, "ಏಳಿ ಏಳಿ, ಹೋಗಣ" ಎಂದು ಬಾಗಿಲು ತೆಗೆದ. ಆಂಜಿನಮ್ಮ ಸೆರಗು ಹೊದ್ದು ಸಿದ್ಧವಾಗಿದ್ದಳು. ಅನಸೂಯಮ್ಮ ನಡುಮನೆಯ ಕಂಬಕ್ಕೆ ಒರಗಿ ನಿಂತಳು.

"ನಾನು ಮಾತ್ರೆ ತಗೋತಾ ಇದೀನಿ" ಎಂದಳು.

"ಯಾವ ಮಾತ್ರೆ?"

"ಥೈರಾಯ್ಡಿಂದು. ಆಗಸ್ಟ್‌ನಿಂದ. ದಿನಾ."

ಚೆನ್ನರಾಯಪ್ಪನ ಕೈ ಬಾಗಿಲ ಅಗುಳಿಯ ಮೇಲೇ ಇತ್ತು. "ತಮಾಷೆ ಮಾಡ್ಬೇಡ. ಎರಡು ಕಿಲೋ ಇಳಿದಿದ್ದು ಜೂನಲ್ಲಿ. ನಾನು ಬರೆದಿಟ್ಟಿದೀನಿ."

"ಹೊಟ್ಟೆ ಸರಿಹೋಗಿದ್ದು ನಿಮ್ಮಿಂದಾನೇ. ಕಾಲಿಗೆ ಶಕ್ತಿ ಬಂದಿದ್ದೂ ನಿಮ್ಮಿಂದಾನೇ. ಸುಳ್ಳು ಹೇಳಲ್ಲ." ಮಾತು ನಿಂತರೆ ಮತ್ತೆ ಬರುವುದಿಲ್ಲವೆಂಬಂತೆ ಅವಳು ಒಂದೇ ಉಸಿರಿಗೆ ಎರ್ರಪ್ಪನವರ ಮನೆಯ ಕಾಲ್, ಹನ್ನೊಂದು ನಿಮಿಷ, ಚಿಕ್ಕಬಳ್ಳಾಪುರ, ಡ್ರಾಯರಿನ ಸೀಸೆ, ಎಲ್ಲವನ್ನೂ ಹೇಳಿದಳು. "ಅದು ನುಂಗಿದ್ಮೇಲೇ ನನ್ನ ಧ್ವನಿ ಬಂದಿದ್ದು. ನಿಮಗೆ ಹೇಳೋ ಧೈರ್ಯ ಬರ್ಲಿಲ್ಲ."

"ಎರಡು ತಿಂಗಳು" ಎಂದ ಅವನು. "ನಾನು ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ. ಒಂದು ದಿನ, ಒಂದೇ ಒಂದು ದಿನ ನನ್ನನ್ನ ತಡೀಬೇಕು ಅನ್ನಿಸ್ಲಿಲ್ವಾ ನಿಂಗೆ? ನಗ್ತಾರೆ ಕಣೇ ಜನ."

"ನಗ್ಲಿ. ನನ್ನನ್ನ ಬೈಯ್ರಿ, ಮಾತಾಡಿಸ್ಬೇಡಿ ಬೇಕಾದ್ರೆ. ಆದ್ರೆ ಇವಳ ಹೊಟ್ಟೇಲಿ ಮಗು ಐತೆ."

ಬೀದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಗಾಡಿಯೊಂದು ಕಿರುಗುಟ್ಟುತ್ತಾ ಹೋಯಿತು. ಆಂಜಿನಮ್ಮ ಅಣ್ಣನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ನಿಧಾನವಾಗಿ ಕೂತು ತನ್ನ ಬಟ್ಟೆಯ ಚೀಲವನ್ನು ಹತ್ತಿರ ಎಳೆದುಕೊಂಡಳು. ಸೀರೆಗಳ ಕೆಳಗೆ ಕೈಯಾಡಿಸಿ, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಸಣ್ಣ ಸೀಸೆ ತೆಗೆದಳು.

"ಎಸೆಯೋಕೆ ಮನಸ್ಸು ಬರ್ಲಿಲ್ಲ" ಎಂದಳು, ಯಾರ ಕಡೆಗೂ ನೋಡದೆ. "ಈಗ ಒಂದೇ ತಗೋಬೇಕಾ ಅತ್ಗೆ, ಬಿಟ್ಟಿದ್ದೂ ಸೇರಿಸಾ?"

"ಒಂದೇ. ಬೆಳಗಾದ್ಮೇಲೆ ಡಾಕ್ಟ್ರ ಹತ್ರ ಹೋಗಿ ಕೇಳಣ."

ಆಂಜಿನಮ್ಮನ ಬೆರಳುಗಳಿಗೆ ಸೀಸೆಯ ಮುಚ್ಚಳ ಬಗ್ಗಲಿಲ್ಲ. ಅನಸೂಯಮ್ಮ ಪಕ್ಕದಲ್ಲಿ ಕೂತು, ಅದನ್ನು ತೆರೆದು, ಒಂದನ್ನು ಅಂಗೈಗೆ ಉದುರಿಸಿದಳು. ಚೆನ್ನರಾಯಪ್ಪ ಬಾಗಿಲು ಹಾಗೇ ಬಿಟ್ಟು ಅಡುಗೆಮನೆಗೆ ನಡೆದ. ಒಳಗೆ ಮಡಕೆಯ ಮುಚ್ಚಳ ಸರಿದ ಸದ್ದಾಯಿತು. ಹೊರಬಂದಾಗ ಅವನ ಕೈಯಲ್ಲಿ ತುಂಬಿದ ಲೋಟವಿತ್ತು. ಇಬ್ಬರು ಹೆಂಗಸರ ಮುಂದೆ ಬಂದು ನಿಂತ. ಯಾರಿಗೆ ಕೊಡಬೇಕೆಂದು ತಿಳಿಯದೆ, ನೀರು ಅಂಚಿನಿಂದ ಬೆರಳ ಮೇಲೆ ತುಳುಕುತ್ತಿದ್ದರೂ ಹಾಗೇ ಹಿಡಿದುಕೊಂಡಿದ್ದ.