ಸಮಾಧಿಯಿಂದೆದ್ದ ಗಡಿಯಾರ

ಅಂಗೈಯಲ್ಲಿ ಏನೋ ಮಿಡಿಯುತ್ತಿದೆ, ಕೋಳಿಮರಿ ಹಿಡಿದ ಹಾಗೆ, ಅಲ್ಲ, ಗಡಿಯಾರ, ಮಾವನವರ ಅಪ್ಪ ರುದ್ರಯ್ಯನವರ ಚಿನ್ನದ ಜೇಬುಗಡಿಯಾರ, ಹಾಸನದ ಕಡೆ ರೈಲುಹಳಿ ಹಾಕುವಾಗ ಕಲ್ಲು ಸಾಗಿಸಲು ಗಾಡಿ ಹೊಡೆಸಿದ್ದಕ್ಕೆ ಬಿಳಿಯ ಇಂಜಿನಿಯರು ಹೊರಡುವ ದಿನ ಕೊಟ್ಟು ಹೋದದ್ದಂತೆ — ಅಂದಿನಿಂದ ನಮ್ಮ ಮನೆಯ ಮದುವೆಗಳಲ್ಲಿ ಮಂತ್ರ ಅಯ್ಯನವರದಾದರೂ ಗಳಿಗೆ ಬಂತೆಂದು ಕೂಗುವುದು ಇದನ್ನು ಹಿಡಿದ ಹಿರಿಯರು, ನನ್ನ ಮದುವೆಗೆ ಮಾವ, ಮಗನ ಮದುವೆಗೆ ಯಜಮಾನರು, ಈಗ ಅವರಿಲ್ಲ, ಮೊಮ್ಮಗಳು ಪ್ರೇಕ್ಷಾ ಹಸೆಮಣೆಯ ಮೇಲೆ, ಹೊಳೆನರಸೀಪುರದ ಛತ್ರದ ತುಂಬ ಜನ, ಮೈದುನ ಚಂದ್ರಯ್ಯ ಕೈ ಚಾಚಿಕೊಂಡೇ ನಿಂತಿದ್ದಾನೆ, ಕೊಡಿ ಅತ್ಗೆಮ್ಮ, ಗಂಡ ಇಲ್ದೋರು ಮುಹೂರ್ತ ಕೂಗೋದು ಎಲ್ಲಾದ್ರೂ ಐತಾ, ಆ ಹುಡುಗಿ ಬಾಸಿಂಗ ಸರಿಸಿಕೊಂಡು, ಅಜ್ಜಿ ಕೂಗ್ದೆ ನಾನು ತಾಳಿ ಕಟ್ಟುಸ್ಕೊಳಲ್ಲ ಚಿಕ್ತಾತ, ನೀವು ಬೇಕಾದ್ರೆ ಊಟಕ್ಕೆ ಕೂಗಿ — ಎಲ್ಲರೂ ನಕ್ಕರು, ಚಂದ್ರಯ್ಯನೂ ನಕ್ಕ, ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ, ಶಿವನೇ, ಇದು ಓಡುತ್ತಿದೆಯಲ್ಲ ಅದೇ ಹೆಚ್ಚು, ದೇವರ ಮನೆಯಲ್ಲಿಟ್ಟು ಪ್ರತಿ ಆಯುಧಪೂಜೆಗೂ ಗಾಜು ತೆರೆದು ಮುಳ್ಳಿಗೂ ವಿಭೂತಿ ಹಚ್ಚಿದ ಮನೆ ನಮ್ಮದು, ನಿಂತೇ ಹೋಗಿದ್ದನ್ನು ಈ ಮದುವೆಗೆಂದು ಹಾಸನಕ್ಕೆ ಒಯ್ದರೆ ರಿಪೇರಿಯ ಅಮರನಾಥ ಬಿಚ್ಚಿ ನೋಡಿ, ಏನಮ್ಮೋ ಇದು, ಒಳಗೆಲ್ಲ ಇಬೂತಿ, ಗಡಿಯಾರ ಕೆಟ್ಟಿಲ್ಲ ಕಣಮ್ಮ, ಸಮಾಧಿಗೆ ಓಗ್ಬುಟ್ಟದೆ, ಎಂದು ಮೇಜು ತಟ್ಟಿಕೊಂಡು ನಕ್ಕ, ನನಗೂ ಸೆರಗು ಬಾಯಿಗಿಟ್ಟಷ್ಟು ನಗು, ಆದರೆ ಇಲ್ಲಿ ನಗು ಸಾಲದು, ಕೂಗಬೇಕು, ಸಭೆಯಲ್ಲಿ ಒಂದು ದಿನವೂ ದನಿ ಎತ್ತಿದವಳಲ್ಲ, ಕೇಳುವುದಷ್ಟೇ ಗೊತ್ತು, ಮಾವ ಸಂಜೆ ಷಟ್ಪದಿ ಓದುವಾಗ ಬಾಗಿಲ ಹಿಂದೆ ಹೂಬತ್ತಿ ಹೊಸೆಯುತ್ತ ಕೇಳಿದ್ದೇ ಕೇಳಿದ್ದು, ಕೊನೆಯ ಸಾಲಿಗೆ ಮುಂಚೆ ಅವರು ಒಂದು ಉಸಿರು ತೆಗೆದುಕೊಳ್ಳುತ್ತಿದ್ದರು, ಆ ಉಸಿರಿನ ಉದ್ದ ನನ್ನ ಪಕ್ಕೆಗಳಿಗೆ ಗೊತ್ತು, ಅಯ್ಯನವರು ನನ್ನ ಕಡೆ ತಿರುಗಿದ್ದಾರೆ, ಹೇಳಿ ತಾಯಿ, ಡೋಲಿನವನ ಕೋಲು ಮೇಲೆ ನಿಂತಿದೆ, ಸೆಕೆಂಡಿನ ಚಿಕ್ಕ ಮುಳ್ಳು ಇರುವೆಯ ಹಾಗೆ ಏರುತ್ತಿದೆ, ಚಂದ್ರಯ್ಯನ ಕೈ ಇನ್ನೂ ಅಲ್ಲೇ, ಇನ್ನೇನು, ಉಸಿರು — ಗಳಿಗೆ ಬಂತು, ತಾಳಿ ಕಟ್ಟಪ್ಪಾ — ಯಾರದಿದು, ಕಂಬಕ್ಕೆ ಬಡಿದು ತಿರುಗಿ ಬಂತಲ್ಲ, ನನ್ನದೇ, ಇಷ್ಟು ದೊಡ್ಡದೇ, ಗಟ್ಟಿಮೇಳ, ಗಟ್ಟಿಮೇಳ, ಚಂದ್ರಯ್ಯ ಅಕ್ಷತೆ ಎರಚುತ್ತ, ಅಬ್ಬಬ್ಬ ಅತ್ಗೆಮ್ಮ, ಅಣ್ಣಂಗಿಂತ ಜೋರು ಕಣ್ರೀ, ಮದುಮಗಳು ಅಳುತ್ತಾಳೋ ನಗುತ್ತಾಳೋ, ಮೇಲಿಂದ ಅರಿಸಿನದ ಮಳೆ, ಒಂದು ಅಕ್ಕಿಕಾಳು ಬಂದು ಗಾಜಿನ ಮೇಲೆ ಕೂತಿತು, ಅದರ ಕೆಳಗೆ ಮುಳ್ಳು ಹಾದುಹೋಗುತ್ತದೆ, ಹಳದಿ ಕಾಳು, ಕೆಳಗೆ ಮುಳ್ಳು, ಮತ್ತೆ ಕಾಳು, ಕೆಳಗೆ ಮುಳ್ಳು —