ಬಳೆಸೂಜಿ

ಎಡಗೈಯಲ್ಲೂ ನರ ಸಿಗಲಿಲ್ಲ. ಫಾಮಿದಾ ಮಗುವಿನ ಮುಂಗೈಯನ್ನು ಬೆಳಕಿಗೆ ತಿರುಗಿಸಿ, ಉಜ್ಜಿ, ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದಳು. ಬಲಗೈ, ಪಾದ, ನೆತ್ತಿಯ ಪಕ್ಕ ಎಲ್ಲ ಆಗಿತ್ತು. ಮೈಯಲ್ಲಿ ನೀರೇ ಇಲ್ಲದ ಮೇಲೆ ನರ ಎಲ್ಲಿಂದ ಏಳಬೇಕು? ಸೂಜಿ ಚುಚ್ಚಿದರೂ ಮಗು ಮುಖ ಕಿವುಚಲಿಲ್ಲ. ಇಷ್ಟು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದ ಫಾಮಿದಾಳಿಗೆ ಅಳುವ ಮಕ್ಕಳೆಂದರೆ ಲೆಕ್ಕಕ್ಕಿಲ್ಲ. ಅಳದ ಮಗುವನ್ನು ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು.

ಕೆಂಕೆರೆಯ ಕಾಡಸಿದ್ದಪ್ಪ ಬೆಳಗಾಗುತ್ತಲೇ ಮೊಮ್ಮಗಳನ್ನು ಎದೆಗವಚಿಕೊಂಡು ಓಡಿಬಂದಿದ್ದ. ಹಿಂದೆಯೇ ಸೊಸೆ ಜೀವಿತಾ, ಕಾಲಲ್ಲಿ ಚಪ್ಪಲಿ ಕೂಡ ಇಲ್ಲದೆ. ನೆನ್ನೆಯಿಂದ ವಾಂತಿ ಭೇದಿಯಂತೆ. ಎಳನೀರಿಗೆ ನಿಲ್ಲುತ್ತದೆ ಎಂದು ತೋಟದ ಒಳ್ಳೆಯ ಮರದ್ದನ್ನೇ ಕೆಡವಿಸಿ ಕುಡಿಸಿದ್ದರು. ಕುಡಿಸಿದ್ದೆಲ್ಲ ಹಾಗೇ ಹೊರಗೆ ಬಂದಿತ್ತು. ಅಷ್ಟು ದೊಡ್ಡ ತೋಟ ಇಟ್ಟುಕೊಂಡು ಕೂಸನ್ನು ಒಣಗಿಸಿಬಿಟ್ಟೆನಲ್ಲ ಎಂದು ಮುದುಕ ಕಂಡಕಂಡವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದ.

ಡಾಕ್ಟರ್ ವರ್ಷಿಣಿ ಮಗುವಿನ ತಲೆಯ ಕಡೆ ನಿಂತು, ಮುಖಕ್ಕೆ ಮಾಸ್ಕ್ ಒತ್ತಿ, ಅದರ ಗಾಳಿಚೀಲ ಹಿಸುಕಿ ಉಸಿರು ಕೊಡುತ್ತಿದ್ದಳು. ಆ ಕೈ ಬಿಡುವಂತಿರಲಿಲ್ಲ. ತುಮಕೂರಿಗೆ ಕರೆದೊಯ್ಯುವ ಆಂಬುಲೆನ್ಸ್ ಇನ್ನೂ ದಾರಿಯಲ್ಲಿತ್ತು.

"ಇನ್ನು ನರ ಹುಡುಕ್ತಾ ಕೂರೋದು ಬೇಡ. ಮೂಳೆಗೇ ಹಾಕಿ ಸಿಸ್ಟರ್," ಎಂದಳು ತಲೆಯೆತ್ತದೆ. "ಬಳೆಸೂಜಿ ತಗೊಳ್ಳಿ."

ಆ ಹೆಸರು ಇನ್ನೊಬ್ಬ ನರ್ಸು ಗಿರಿಜಾಂಬಿಕಾ ಇಟ್ಟಿದ್ದು. ಡಬ್ಬಿಯ ಮೇಲಿದ್ದ ಉದ್ದನೆಯ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಿರಲಿಲ್ಲ. ನರ ಸಿಗದಾಗ ಮೊಣಕಾಲಿನ ಕೆಳಗೆ ಮೂಳೆಯೊಳಕ್ಕೆ ಇಳಿಸಿ, ಮಜ್ಜೆಯ ಮೂಲಕ ನೀರು, ಔಷಧಿ ಕೊಡುವ ಸೂಜಿ ಅದು. ಮೊದಲಿದ್ದದ್ದು ಬೋಳು ಸೂಜಿ. ಎಲ್ಲಿ ನಿಲ್ಲಿಸಬೇಕೆಂಬುದು ಬರೀ ಕೈ ಅಂದಾಜು. ಹೊಸದಕ್ಕೆ ನಡುವೆ ಒಂದು ಪ್ಲಾಸ್ಟಿಕ್ ಬಳೆಯಿತ್ತು. ಬಳೆ ಚರ್ಮಕ್ಕೆ ತಾಗಿದ ಮೇಲೆ ಸೂಜಿ ಮುಂದಕ್ಕೆ ಹೋಗುವುದಿಲ್ಲ. ಹೊರಗೆಳೆದ ಕೂಡಲೇ ಮೊನೆಗೆ ತಾನಾಗಿ ಟೋಪಿ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಫಾಮಿದಾಳ ಕೈ ಡಬ್ಬಿಯ ಹತ್ತಿರ ಹೋಗಿ ನಿಂತಿತು. ಹಿಂದೆ ತಿಪಟೂರಿನಲ್ಲಿ ನಡೆದ ತರಬೇತಿಯಲ್ಲಿ ಕೋಳಿಕಾಲಿನ ಮೇಲೆ ಬೋಳು ಸೂಜಿಯ ಅಭ್ಯಾಸ ಮಾಡಿಸಿದ್ದರು. ಗಿರಿಜಾಂಬಿಕಾ ಗ್ಲೌಸಿನ ಮೇಲೆ ಗ್ಲೌಸು ಹಾಕಿಕೊಂಡು, ಶಿವಶಿವಾ ಎನ್ನುತ್ತ ಹೇಗೋ ಪಾರಾಗಿದ್ದಳು. ಮಾಂಸ ಮುಟ್ಟಲು ಹೇಸದ ಫಾಮಿದಾ ಅಲ್ಲಿ ಎಡವಿದ್ದಳು. ಈ ಸೀಮೆಯವರು ತೆಂಗಿನಕಾಯಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಮಚ್ಚಿನ ಬೆನ್ನಿನಿಂದ ಒಡೆಯುತ್ತಾರೆ. ಅವಳೂ ಚಿಕ್ಕಂದಿನಿಂದ ಹಾಗೇ ಒಡೆದವಳು. ಯೋಚನೆಯೇ ಇಲ್ಲದೆ ಕೋಳಿಕಾಲನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಒತ್ತಿದ್ದಳು. ಸೂಜಿ ಮೂಳೆಯನ್ನು ತೂರಿ ಆಚೆ ಬಂದು ಅಂಗೈಗೇ ನೆಟ್ಟಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಮಗುವಿನ ಕಾಲಾಗಿದ್ದರೆ ಎಂಬ ಹೆದರಿಕೆ ಅವತ್ತು ಒಳಗೆ ಕೂತದ್ದು ಎದ್ದುಹೋಗಿರಲಿಲ್ಲ. ಅದಾದ ಮೇಲೆ ಅಂಥ ಕೆಲಸ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಗಿರಿಜಾಂಬಿಕಾಳನ್ನು ಮುಂದೆ ಬಿಡುತ್ತಿದ್ದಳು. ಇವತ್ತು ಗಿರಿಜಾಂಬಿಕಾ ಹೆರಿಗೆ ಕೋಣೆಯಲ್ಲಿದ್ದಳು.

"ಮೂಳೆಗೆ ತೂತು ಹಾಕ್ತೀರಾ ಅವ್ವಾ?" ಕಾಡಸಿದ್ದಪ್ಪ ಹತ್ತಿರ ಬಂದ. "ಈಗಿನ್ನೂ ಗೋಡೆ ಹಿಡ್ಕಂಡು ನಿಂತ್ಕಂತಿತ್ತು ಕಣವ್ವ ಕೂಸು."

"ನಾಳೆ ನಡೀಲಿ ಅಂತ್ಲೇ ಹಾಕ್ತಿರೋದು ಯಜಮಾನ್ರೇ," ಎಂದಳು ಫಾಮಿದಾ. ಹೇಳಿದ್ದು ಅವನಿಗೋ ತನಗೋ ಅವಳಿಗೇ ತಿಳಿಯಲಿಲ್ಲ.

ಅವನು ಸೊಸೆಯ ಮುಖ ನೋಡಿದ. ಜೀವಿತಾ ತಲೆಯಾಡಿಸಿದಳು. ಮುದುಕ ಮಂಚದ ಪಕ್ಕ ಕೂತು, ಕಾಲು ಹಿಡಿದುಕೊಳ್ಳುತ್ತೇನೆ ಎಂದ. ಫಾಮಿದಾ ಚರ್ಮ ಒರೆಸಿ, ಬಳೆಸೂಜಿ ಕೈಗೆತ್ತಿಕೊಂಡು, ಮೊಣಕಾಲಿನ ಕೆಳಗೆ ಮೂಳೆ ಚಪ್ಪಟೆಯಾಗಿರುವ ಜಾಗವನ್ನು ಬೆರಳಿನಿಂದ ಹುಡುಕಿದಳು. ಆಗ ಕಂಡಿತು: ಮುದುಕನ ದೊಡ್ಡ ಒರಟು ಅಂಗೈ ಮಗುವಿನ ಮೀನಖಂಡದ ಕೆಳಗೆ ಬಟ್ಟಲಿನಂತೆ ಬಂದು ಕೂತಿತ್ತು.

ಅವಳಿಗೆ ಒಂದು ಕ್ಷಣ ನಗು ಬಂದಂತಾಯಿತು. ಎಷ್ಟೋ ಸಲ ಕಣ್ಣ ಮುಂದೆ ಬಂದು ಕಾಡಿದ್ದ ತಪ್ಪು ಇನ್ನೊಬ್ಬರ ಕೈಯಲ್ಲಿ ಎಷ್ಟು ಸಲೀಸಾಗಿ, ಎಷ್ಟು ಅಕ್ಕರೆಯಿಂದ ಕೂತಿತ್ತು. ಅದನ್ನು ನೋಡುತ್ತಲೇ ಅವತ್ತಿನಿಂದ ಒಳಗೆ ಕೂತಿದ್ದ ಹೆದರಿಕೆ ಇಳಿಯಿತು.

"ಕೈ ತೆಗೀರಿ ಯಜಮಾನ್ರೇ. ಇದು ಕಾಯಲ್ಲ."

ಬದುಕೆಲ್ಲ ಕಾಯಿ ಒಡೆದ ಮನುಷ್ಯನಿಗೆ ಹೆಚ್ಚಿಗೆ ಹೇಳಬೇಕಾಗಲಿಲ್ಲ. ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಪಾದವನ್ನಷ್ಟೇ ಹಿಡಿದ. ಫಾಮಿದಾ ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, ಸೂಜಿಯನ್ನು ನೆಟ್ಟಗೆ ಹಿಡಿದು ತಿರುವುತ್ತ ಒತ್ತಿದಳು. ಗಟ್ಟಿ, ಇನ್ನೂ ಗಟ್ಟಿ, ಆಮೇಲೆ ಫಕ್ಕನೆ ಸಡಿಲ. ಬಳೆ ಚರ್ಮಕ್ಕೆ ತಾಗಿ ನಿಂತಿತು. ಅವಳು ಕೈಬಿಟ್ಟಳು. ಸೂಜಿ ಅಲುಗದೆ ತನ್ನಷ್ಟಕ್ಕೆ ನಿಂತೇ ಇತ್ತು.

ಸಿರಿಂಜಿನಿಂದ ಸಲೈನ್ ನೀರು ಒಳಗೆ ಹೋಯಿತು. ಕಾಲು ಎಲ್ಲೂ ಊದಿಕೊಳ್ಳಲಿಲ್ಲ; ಸೂಜಿ ಸರಿಯಾದ ಜಾಗದಲ್ಲೇ ಇತ್ತು. ಇನ್ನೊಂದು ಸಿರಿಂಜು, ಮತ್ತೊಂದು. ಸ್ವಲ್ಪ ಹೊತ್ತಿಗೆ ಮಗುವಿನ ತುಟಿ ಅದುರಿತು. ಮೊದಲು ಬೆಕ್ಕಿನ ಮರಿಯಂಥ ಸಣ್ಣ ದನಿ, ಆಮೇಲೆ ವಾರ್ಡೆಲ್ಲ ತಿರುಗಿ ನೋಡುವಂಥ ಅಳು. ವರ್ಷಿಣಿ ಮಾಸ್ಕ್ ಸರಿಸಿ, ಉಸಿರು ನೋಡಿ, ಆಯಾಸದಿಂದ ಗೋಡೆಗೆ ಒರಗಿದಳು. ಸಮಾಧಾನ ಮಾಡಲು ಬಗ್ಗಿದ ಜೀವಿತಾಳಿಗೆ, ಅಳಲಿ ಬಿಡಿ, ಚೆನ್ನಾಗಿ ಅಳಲಿ ಎಂದಳು.

ಕಾಲಿಗೆ ಹಲಗೆ ಕಟ್ಟಿ, ಬಾಟಲಿ ತೂಗುಹಾಕಿ, ಮಗುವನ್ನು ತಾಯಿಯ ತೊಡೆಯ ಮೇಲೆ ಮಲಗಿಸಿದರು. ಹಲಗೆ ಜಾರದಂತೆ ಕಾಡಸಿದ್ದಪ್ಪ ಅದರಡಿ ತನ್ನ ಮಂಡಿ ಆನಿಸಿಕೊಂಡು ಕೂತ. ಬಾಟಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಫಾಮಿದಾಳಿಗೆ ಇನ್ನೂ ಒಂದು ಚಿಂತೆ ಉಳಿದಿತ್ತು. ರಾತ್ರಿಯಿಂದ ಮಗು ಬಟ್ಟೆ ಒದ್ದೆ ಮಾಡಿಯೇ ಇಲ್ಲ ಎಂದು ಜೀವಿತಾ ಹೇಳಿದ್ದಳು. ಮೂತ್ರ ಕಾಣುವವರೆಗೂ ಧೈರ್ಯ ಹೇಳುವಂತಿರಲಿಲ್ಲ. ಅದಕ್ಕೇ ಅವಳು ಏನೋ ಕೆಲಸವಿದ್ದವಳಂತೆ ಅಲ್ಲಲ್ಲೇ ಸುಳಿದಾಡುತ್ತಿದ್ದಳು.

ಆಂಬುಲೆನ್ಸ್ ಬಂದ ಸದ್ದಾಯಿತು. ಅದೇ ಹೊತ್ತಿಗೆ ಮುದುಕ ತನ್ನ ಪಂಚೆಯನ್ನು ನೋಡಿಕೊಂಡ. ಮಂಡಿಯ ಮೇಲೆ ಬಿಸಿಯಾಗಿ ಏನೋ ಹರಡುತ್ತಿತ್ತು.

"ಕೂಸು ಉಚ್ಚೆ ಹೊಯ್ತು ಕಣವ್ವ," ಎಂದ, ದೂರು ಹೇಳುವವನಂತೆ.

ಫಾಮಿದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ಇದಕ್ಕೇ ಕಾಯುತ್ತಿದ್ದೆವು ಎಂದು ವರ್ಷಿಣಿ ಹೇಳಿದ ಮೇಲೆ ಜೀವಿತಾ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಹೊರಡುವಾಗ ಫಾಮಿದಾ ಒಣ ಟವೆಲ್ ಕೊಡಲು ಹೋದಳು. ಕಾಡಸಿದ್ದಪ್ಪ ತೆಗೆದುಕೊಳ್ಳಲಿಲ್ಲ. "ಇರ್ಲಿ ಬುಡವ್ವ," ಎಂದವನು ಆಂಬುಲೆನ್ಸ್ ಹತ್ತಿ, ಮೊಮ್ಮಗಳ ಪಕ್ಕ ಕೂತು, ಒದ್ದೆ ಪಂಚೆಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡ.