ಹವ್ವಾಬೆನ್ ಕಿವಿಯ ಮಷೀನು ತೆಗೆದಿಟ್ಟ ದಿನ

ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನ ಗುಜರಾತಿ ಹೆಂಗಸರ ಹೊಲಿಗೆಯ ಕೂಟದಲ್ಲಿ ಈ ಸಂಗತಿಯನ್ನು ಮೂವರು ಮೂರು ಬಗೆಯಾಗಿ ಹೇಳುತ್ತಾರೆ. ಆ ದಿನದ ಚಳಿಯ ಬಗ್ಗೆ, ಹವ್ವಾಬೆನ್ ತೊಟ್ಟಿದ್ದ ಕೋಟಿನ ಬಣ್ಣದ ಬಗ್ಗೆ ಪಾಠಭೇದಗಳಿವೆ. ನಡೆದದ್ದರ ಬಗ್ಗೆ ಇಲ್ಲ.

ಹವ್ವಾಬೆನ್ ಅವರ ಸೊಸೆ ಝುಲೇಖಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಡೀನ್ ಹೋಲ್ರಾಯ್ಡ್ ಎಂಬವನು ಹಿಂದಿನಿಂದ ಬಂದು ಅವಳ ಹಿಜಾಬನ್ನು ಸೆಳೆದ. ಪಿನ್ನು ಕೊರಳನ್ನು ಗೀರಿತು. ಸೆಳೆಯುತ್ತ ಮೂರು ಮಾತು ಆಡಿದ. ಒಂದು ಅವಳ ಧರ್ಮದ ಹೆಸರು. ಉಳಿದೆರಡು ಯಾವುವೆಂದು ಕೇಳಿದಾಗಲೆಲ್ಲ ಕೂಟದ ಹೆಂಗಸರು ಕೋಣೆಯಲ್ಲಿ ಹಿರಿಯರು ಯಾರಿದ್ದಾರೆಂದು ನೋಡಿ, ಸೂಜಿಗೆ ದಾರ ಪೋಣಿಸತೊಡಗುತ್ತಾರೆ.

ತೊಡಕು ಹುಟ್ಟಿದ್ದೂ ಅಲ್ಲಿಯೇ. ಹೇಳಿಕೆ ಬರೆದುಕೊಳ್ಳಲು ಪೊಲೀಸಮ್ಮ ಮನೆಗೆ ಬಂದಾಗ ಹವ್ವಾಬೆನ್ ಸಮೋಸದ ತಟ್ಟೆ ಹಿಡಿದು ಎದುರಿಗೇ ಕುಳಿತಿದ್ದರು.

"ಎಳೆಯುವಾಗ ಏನಾದ್ರೂ ಅಂದನಾ?"

ಝುಲೇಖಾ ಅತ್ತೆಯ ಕಡೆ ನೋಡಿದಳು. "ಅಂದ. ಹೇಳಬಾರದ ಮಾತು."

"ಅಂದ್ರೆ ಏನು?"

"ಹೇಳಬಾರದ್ದು ಅಂದೆನಲ್ಲ ಮೇಡಂ. ಸಮೋಸ ತಗೊಳ್ಳಿ, ಆರಿ ಹೋಗ್ತದೆ."

ಪೊಲೀಸಮ್ಮ ಸಮೋಸ ತಿಂದಳು, ಕೇಳಿದ್ದಷ್ಟನ್ನು ಬರೆದುಕೊಂಡಳು.

ಠಾಣೆಯಲ್ಲಿ ಡೀನ್ ಎಳೆದದ್ದನ್ನು ಒಪ್ಪಿಕೊಂಡ. ನಿಲ್ದಾಣದ ಕ್ಯಾಮೆರಾ ಅದನ್ನು ಕಂಡಿತ್ತು. ಆದರೆ ಕ್ಯಾಮೆರಾಕ್ಕೆ ಕಣ್ಣುಂಟು, ಕಿವಿಯಿಲ್ಲ. "ಕುಡಿದಿದ್ದೆ. ಟೋಪಿ ಸಿಕ್ಕಿದ್ರೆ ಟೋಪಿ ಎಳೀತಿದ್ದೆ," ಎಂದ. ಧರ್ಮದ್ವೇಷ ರುಜುವಾದರೆ ಅಪರಾಧದ ಹೆಸರೇ ಬೇರೆ, ತೂಕವೂ ಬೇರೆ. ಆಗದಿದ್ದರೆ ಅದು ಬರಿಯ ಕುಡುಕನ ಕೈಚೇಷ್ಟೆ.

ಝುಲೇಖಾಳಿಗೆ ಚುಚ್ಚಿದ್ದು ಆ ಟೋಪಿ. ಅಂದಿನಿಂದ ಅವಳು ಆ ನಿಲ್ದಾಣವನ್ನು ಬಿಟ್ಟು ಎರಡು ಮೈಲಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದಳು. "ಎಷ್ಟಾದ್ರೂ ಶಿಕ್ಷೆ ಕೊಡಲಿ, ಟೋಪಿ ಅಂತ ಮಾತ್ರ ತೀರ್ಪು ಬರಬಾರದು. ಬಂದ್ರೆ ಆ ಜಾಗಕ್ಕೆ ನಾನು ಮತ್ತೆ ಕಾಲಿಡಲ್ಲ," ಎಂದು ಕೂಟದಲ್ಲಿ ಹೇಳಿದ್ದಳು.

ಏಳನೆಯ ತಿಂಗಳಲ್ಲಿ ವಿಚಾರಣೆ ಬಂತು. ಅಲ್ಲಿ ಊರಿನ ಸಾಮಾನ್ಯ ಜನರೇ ಮ್ಯಾಜಿಸ್ಟ್ರೇಟರಾಗಿ ಕೂರುತ್ತಾರೆ; ಅಂದು ಮೂವರು, ನಡುವಿನಾಕೆ ನಿವೃತ್ತ ಶಿಕ್ಷಕಿ. ಸಾಕ್ಷಿಕಟ್ಟೆಯಲ್ಲಿ ಝುಲೇಖಾ, ಎದುರಿಗೆ ಮುಂದಿನ ಬೆಂಚಿನಲ್ಲಿ ಹವ್ವಾಬೆನ್.

"ಅವನು ಆಡಿದ ಮಾತುಗಳನ್ನೇ ಹೇಳಿ," ಎಂದರು ಸರ್ಕಾರಿ ವಕೀಲರು.

"ಹೇಳಬಾರದ ಮಾತು."

"ಇಲ್ಲಿ ಹೇಳಲೇಬೇಕಮ್ಮ."

"ಅತ್ತೆ ಕೂತಿದ್ದಾರೆ."

ಪೀಠದ ಮೂವರೂ ತಲೆ ತಗ್ಗಿಸಿ ಪಿಸುಗುಟ್ಟಿದರು. ಕಾನೂನಿನ ದಪ್ಪ ಪುಸ್ತಕದಲ್ಲಿ ಅತ್ತೆಯ ಪ್ರಸ್ತಾಪವಿರಲಿಲ್ಲವೆಂದು ತೋರುತ್ತದೆ. ಕೊನೆಗೆ ಜವಾನ ಹವ್ವಾಬೆನ್ ಬಳಿಗೆ ಬಂದು, ಸ್ವಲ್ಪ ಹೊರಗೆ ಕೂರಬಹುದೇ ಎಂದು ವಿನಯದಿಂದ ಕೇಳಿದ.

"ನಾನ್ಯಾಕಪ್ಪ ಹೋಗ್ಲಿ? ಯಾರು ಬೇಕಾದ್ರೂ ಬಂದು ಕೂರಬಹುದು ಅಂತ ನೀನೇ ತಾನೆ ಬಾಗಿಲು ತೆಗೆದಿದ್ದು? ಮಂಡಿ ನೋವು ಬೇರೆ."

ಹೀಗೆಂದವರು ದುಪಟ್ಟಾದ ಅಂಚು ಸರಿಸಿ, ಎರಡೂ ಕಿವಿಯ ಮಷೀನುಗಳನ್ನು ಒಂದೊಂದಾಗಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ (ಇನ್ನೊಂದು ಪಾಠದಲ್ಲಿ, ಏಲಕ್ಕಿ ಡಬ್ಬಿಗೆ ಹಾಕಿ) ಚೀಲದೊಳಗಿಟ್ಟು ಜಿಪ್ ಎಳೆದರು.

"ಈಗ ಹೇಳೇ ಹುಡುಗಿ. ನಾನು ಗೋಡೆ."

ಝುಲೇಖಾ ಮೂರು ಮಾತುಗಳನ್ನೂ ಹಾಜರಿ ಕೂಗುವಂತೆ ಸಾವಧಾನವಾಗಿ ಹೇಳಿದಳು. ಡೀನ್ ತನ್ನ ಬೂಟುಗಳನ್ನು ನೋಡಿಕೊಂಡ.

"ಏಳು ತಿಂಗಳು ಇಲ್ಲದ ಮಾತು ಇವತ್ತು ಹುಟ್ಟಿತೇ?" ಎಂದರು ಅವನ ವಕೀಲರು.

ಪೊಲೀಸಮ್ಮನನ್ನು ಕರೆಸಿದರು. ಅವಳು ಪುಟ್ಟ ಪುಸ್ತಕ ತೆರೆದು ಓದಿದಳು: "ಹೇಳಬಾರದ ಮಾತು ಅಂದ ಎಂದರು. ವೃದ್ಧೆಯ ಕಡೆ ನೋಡಿದರು. ಸಮೋಸ ಕೊಟ್ಟರು, ಎರಡು."

"ಸಮೋಸವನ್ನೂ ಬರೆದಿದ್ದೀರಾ?" ಎಂದು ಶಿಕ್ಷಕಿ ಕೇಳಿದರು.

"ಡ್ಯೂಟಿಯಲ್ಲಿ ಯಾರು ಏನು ಕೊಟ್ರೂ ಬರೀತೀನಿ ಮೇಡಂ."

ಸಮೋಸದ ಲೆಕ್ಕವನ್ನೂ ಬಿಡದವಳು ಅತ್ತೆಯತ್ತ ಹೊರಳಿದ ನೋಟವನ್ನು ಕಟ್ಟಿ ಹೇಳುವುದುಂಟೇ? ಮಾತು ಅಂದೇ ಇತ್ತು, ಅತ್ತೆಯ ಎದುರು ಹೊರಬಂದಿರಲಿಲ್ಲ ಅಷ್ಟೇ. ಪೀಠ ಒಳಗೆ ಹೋಗಿ ಅರ್ಧ ತಾಸಿನಲ್ಲಿ ಮರಳಿತು. ಇದು ಟೋಪಿಯ ಮಾತಲ್ಲ, ಈ ಹೆಣ್ಣುಮಗಳ ಧರ್ಮದ ಮೇಲಿನ ದ್ವೇಷದಿಂದಲೇ ನಡೆದ ಹಲ್ಲೆ ಎಂದು ಶಿಕ್ಷಕಿ ಎಲ್ಲರಿಗೂ ಕೇಳುವಂತೆ ಓದಿದರು. ಹವ್ವಾಬೆನ್ ಒಬ್ಬರನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಅತ್ತೆ-ಸೊಸೆ ಅದೇ ನಿಲ್ದಾಣದಲ್ಲಿ ನಿಂತಿದ್ದರು. ಹವ್ವಾಬೆನ್‌ಗೆ ಅಂದು ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ.

"ಅತ್ತೆ, ನಿನ್ನೆ ನಿಜವಾಗ್ಲೂ ಏನೂ ಕೇಳಿಸ್ಲಿಲ್ಲ ತಾನೆ?"

"ಒಂದಕ್ಷರ ಕೇಳಿಸಿದ್ರೆ ಕೇಳು. ಆದ್ರೆ ಎರಡನೇದನ್ನ ಸ್ವಲ್ಪ ನುಂಗಿದೆ ನೋಡು. ತುಟಿ ಪೂರ್ತಿ ತೆರೀಬೇಕಿತ್ತು."

ಝುಲೇಖಾ ತಿರುಗಿ ನೋಡಿದಳು. ಹವ್ವಾಬೆನ್ ಹನ್ನೊಂದು ವರ್ಷ ಇದೇ ಊರಿನ ಉಣ್ಣೆ ಗಿರಣಿಯಲ್ಲಿ ನೇಯ್ದವರು. ಮಗ್ಗಗಳ ಗದ್ದಲದಲ್ಲಿ ಅಲ್ಲಿನ ಹೆಂಗಸರು ತುಟಿ ನೋಡಿಯೇ ಹರಟುತ್ತಿದ್ದರು. ಕಿವಿ ಕಳೆದುಕೊಂಡದ್ದೂ ಅಲ್ಲಿಯೇ.

"ಎಪ್ಪತ್ತೈದನೇ ಇಸವಿಯಲ್ಲಿ ಗಿರಣಿ ಗೇಟಿನ ಹತ್ರ ಒಬ್ಬ ನನಗೂ ಇದನ್ನೇ ಅಂದಿದ್ದ. ಆಗ ಧರ್ಮದ ಜಾಗದಲ್ಲಿ ದೇಶದ ಹೆಸರು ಇಡ್ತಿದ್ರು. ಅದೂ ತಪ್ಪು ದೇಶ, ನಮ್ಮದರ ಪಕ್ಕದ್ದು."

"ನೀವು ಯಾರಿಗೂ ಹೇಳ್ಲಿಲ್ವಾ?"

"ಹೆಂಗೆ ಹೇಳ್ಲಿ? ನನ್ನ ಅತ್ತೆಗೆ ಕಿವಿ ಚೆನ್ನಾಗಿತ್ತು."

ಬಸ್ಸು ಬಂತು. ಅದನ್ನು ನಿಲ್ಲಿಸಲು ಕೈ ಅಡ್ಡ ಹಿಡಿದವಳು ಝುಲೇಖಾ.